ಎಂಇ/ಸಿಎಫ್‌ಎಸ್: ಜೀನ್ ಮತ್ತು ರೋಗನಿರೋಧಕ ವ್ಯವಸ್ಥೆಯ ಸಂಶೋಧನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜ್ವರ ಬಿಟ್ಟು ಆರು ತಿಂಗಳಾಯಿತು, ರಿಪೋರ್ಟೆಲ್ಲ ನಾರ್ಮಲ್, ಆದರೆ ಒಂದು ದಿನ ಮನೆ ಗುಡಿಸಿ ಒರೆಸಿದರೆ ಮತ್ತೆ ಎರಡು ದಿನ ಏಳಲಾಗುವುದಿಲ್ಲ. ಮಂಗಳೂರು, ಉಡುಪಿ ಕಡೆಯವರ ಪ್ರಶ್ನೆಗಳು ಹೆಚ್ಚಾಗಿ ಶುರುವಾಗುವುದೇ ಹೀಗೆ. ಉತ್ತರಗಳನ್ನು ಸಾಲಾಗಿ ಓದಬೇಕೆಂದಿಲ್ಲ. ಓದುವುದೇ ಆಯಾಸ ಎನ್ನುವವರು ನಿಂತು ಮಾಡುವ ಪರೀಕ್ಷೆ ಮತ್ತು ವ್ಯಾಯಾಮದ ಪ್ರಶ್ನೆಗಳನ್ನು ಮೊದಲು ನೋಡಿ.

ಎಂಇ/ಸಿಎಫ್‌ಎಸ್ ಅಂದರೆ ಎಂತದು? ಬರೀ ಸುಸ್ತಾ?

ಪೂರ್ತಿ ಹೆಸರು ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್, ಕ್ರಾನಿಕ್ ಫಟೀಗ್ ಸಿಂಡ್ರೋಮ್. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿ ಗುಂಪುಗುಂಪಾಗಿ ಕಾಯಿಲೆ ಬಿದ್ದ ನಂತರ ಮೊದಲ ಹೆಸರು ಹುಟ್ಟಿತು. ಎರಡನೆಯದು 1988ರಲ್ಲಿ ಅಮೆರಿಕದಲ್ಲಿ ಬಂತು, ಮತ್ತು ಬಹಳ ಹಾನಿ ಮಾಡಿತು. 'ಫಟೀಗ್' ಎಂದ ಕೂಡಲೇ ಕೇಳುವವರಿಗೆ ತುಳುವಿನ 'ಬಚ್ಚೆಲ್' ನೆನಪಾಗುತ್ತದೆ: ಗದ್ದೆಯಲ್ಲಿ ದುಡಿದು ಬಂದವರಿಗೆ ಆಗುವಂಥದ್ದು, ಉಂಡು ಮಲಗಿದರೆ ಹೋಗುವಂಥದ್ದು. ಇದು ಅದಲ್ಲ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ಮಾನದಂಡದ ಪ್ರಕಾರ ಮೂರು ಲಕ್ಷಣ ಇರಲೇಬೇಕು. ಒಂದು, ಮೊದಲು ಮಾಡುತ್ತಿದ್ದ ಕೆಲಸದ ಶಕ್ತಿ ತೀರಾ ಇಳಿದು ಕನಿಷ್ಠ 6 ತಿಂಗಳಾಗಿರಬೇಕು. ಎರಡು, ಶ್ರಮದ ನಂತರದ ಕುಸಿತ. ಮೂರು, ಎಷ್ಟು ನಿದ್ರಿಸಿದರೂ ಚೇತರಿಕೆ ಇಲ್ಲದಿರುವುದು. ಇದರ ಮೇಲೆ ಯೋಚನೆ ಮಂಜಾಗುವುದು, ಇಲ್ಲವೇ ನೇರ ನಿಂತಾಗ ಲಕ್ಷಣಗಳು ಹೆಚ್ಚುವುದು, ಇವೆರಡರಲ್ಲಿ ಒಂದಾದರೂ ಬೇಕು.

ಶ್ರಮದ ನಂತರದ ಕುಸಿತವನ್ನು ಗುರುತಿಸುವುದು ಹೇಗೆ?

ಇಡೀ ಕಾಯಿಲೆಯ ಬೀಗದ ಕೈ ಇದೇ. ರಾತ್ರಿಯಿಡೀ ಬಯಲಾಟ ನೋಡಿ ಬಂದ ಗಟ್ಟಿ ಮನುಷ್ಯ ಮರುದಿನ ಮಧ್ಯಾಹ್ನದವರೆಗೆ ಮಲಗಿ ಸಂಜೆಗೆ ಸರಿಯಾಗುತ್ತಾನೆ. ಈ ಕಾಯಿಲೆ ಇರುವವರಿಗೆ ಒಂದು ಮದುವೆ ಮನೆಯಲ್ಲಿ ಎರಡು ಗಂಟೆ ಕೂತು ಮಾತಾಡಿದ್ದೇ ಸಾಕು. ಆ ದಿನ ಏನೂ ಆಗದಿರಬಹುದು. 12ರಿಂದ 48 ಗಂಟೆ ಕಳೆದ ಮೇಲೆ ಗಂಟಲು ನೋವು, ಮೈಕೈ ನೋವು, ಜ್ವರ ಬಂದ ಹಾಗೆ ಅನಿಸುವುದು, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ಮಾತಿನ ನಡುವೆ ಪದ ಸಿಗದಿರುವುದು ಶುರುವಾಗುತ್ತದೆ. ಅದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ.

ಈ ತಡವೇ ಎಲ್ಲರ ಕಣ್ಣು ತಪ್ಪಿಸುವುದು. ಗುರುವಾರದ ಕುಸಿತಕ್ಕೆ ಗುರುವಾರದ ಊಟ ಕಾರಣ ಎಂದುಕೊಳ್ಳುತ್ತೇವೆ, ನಿಜವಾದ ಕಾರಣ ಮಂಗಳವಾರ ಬಸ್ಸಿನಲ್ಲಿ ನಿಂತು ಮಾಡಿದ ಪ್ರಯಾಣ. ಹಾಗಾಗಿ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರೇ ಸಾಲು ಬರೆಯಿರಿ: ಏನು ಮಾಡಿದಿರಿ, ಎಷ್ಟು ಹೊತ್ತು ನಿಂತಿರಿ, ಲಕ್ಷಣ 10ರಲ್ಲಿ ಎಷ್ಟು. ವೈದ್ಯರ ಮುಂದೆ "ತುಂಬ ಸುಸ್ತು ಡಾಕ್ಟ್ರೇ" ಎನ್ನುವುದಕ್ಕಿಂತ ಆ ಎರಡು ಪುಟ ಹೆಚ್ಚು ಮಾತಾಡುತ್ತದೆ.

ಇಲ್ಲಿ ಡೆಂಗಿ, ಇಲಿಜ್ವರ, ಚಿಕುನ್‌ಗುನ್ಯ ಬಂದವರಿಗೆಲ್ಲ ಸುಸ್ತು ಇರುತ್ತದಲ್ಲ?

ಇರುತ್ತದೆ, ಮತ್ತು ಹೆಚ್ಚಿನವರಿಗೆ ವಾರಗಳಲ್ಲಿ ಹೋಗುತ್ತದೆ. ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನಲ್ಲಿ ಮೂರು ಬೇರೆ ಬೇರೆ ಸೋಂಕು ತಗಲಿದ 253 ಜನರನ್ನು ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತರಲ್ಲಿ ಒಬ್ಬರಷ್ಟು ಜನ ಆರು ತಿಂಗಳ ನಂತರವೂ ಏಳಲಾರದೆ ಈ ಕಾಯಿಲೆಯ ಮಾನದಂಡಕ್ಕೆ ಬಂದರು. ಕುತೂಹಲದ ವಿಷಯ, ಯಾವ ಸೋಂಕು ಎಂಬುದರಿಂದ ವ್ಯತ್ಯಾಸ ಆಗಲಿಲ್ಲ. ಮೊದಲ ದಿನಗಳಲ್ಲಿ ಜ್ವರ ಎಷ್ಟು ತೀವ್ರವಾಗಿತ್ತು ಎಂಬುದರಿಂದ ಆಯಿತು. ಒಂದು ವೈರಸ್ಸಿನ ಬೆನ್ನು ಬೀಳುವ ಬದಲು ಸಂಶೋಧಕರು ರೋಗಿಯ ಜೀನ್ ಮತ್ತು ರೋಗನಿರೋಧಕ ವ್ಯವಸ್ಥೆಯ ಕಡೆ ತಿರುಗಿದ್ದಕ್ಕೆ ಇದೂ ಒಂದು ಕಾರಣ.

ಚಿಕುನ್‌ಗುನ್ಯದ ನಂತರದ ಗಂಟು ನೋವು ಬೇರೆ ಸಂಗತಿ. ಗಂಟು ಊದಿ ಬೆಳಿಗ್ಗೆ ಬಿಗಿಯಾಗುತ್ತಿದ್ದರೆ ಸಂಧಿವಾತ ತಜ್ಞರಿಗೆ ತೋರಿಸಿ.

ಯಾವ ಟೆಸ್ಟ್ ಮಾಡಿಸಬೇಕು?

ಈ ಕಾಯಿಲೆಯನ್ನು 'ಹೌದು' ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ. ಮಾಡಿಸುವ ಪರೀಕ್ಷೆಗಳೆಲ್ಲ ಬೇರೆ ಕಾಯಿಲೆಗಳನ್ನು ತಳ್ಳಿಹಾಕಲು. ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿಂದ ಶುರುಮಾಡಿದರೂ ಸಾಕು. ಸಂಪೂರ್ಣ ರಕ್ತಕಣ ಎಣಿಕೆ, ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಥೈರಾಯ್ಡಿನ ಟಿಎಸ್‌ಎಚ್, ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್, ಬಿ12, ವಿಟಮಿನ್ ಡಿ, ಸಕ್ಕರೆ, ಕಿಡ್ನಿ, ಲಿವರ್, ಕ್ಯಾಲ್ಸಿಯಂ, ಮೂತ್ರ ಪರೀಕ್ಷೆ. ಕೆಮ್ಮು, ರಾತ್ರಿ ಬೆವರು, ತೂಕ ಇಳಿತ ಇದ್ದರೆ ಕ್ಷಯದ ತಪಾಸಣೆ. ಗೊರಕೆ ಜೋರಿದ್ದರೆ ನಿದ್ರಾ ಪರೀಕ್ಷೆ. ವಿದೇಶಿ ಪಟ್ಟಿಗಳಲ್ಲಿ ಗೋಧಿ ಅಲರ್ಜಿಯಂತಿರುವ ಸೀಲಿಯಾಕ್ ಕಾಯಿಲೆಯ ಪರೀಕ್ಷೆ ಮೇಲ್ಗಡೆಯೇ ಇರುತ್ತದೆ. ಕುಚ್ಚಲಕ್ಕಿ ಉಣ್ಣುವ ನಮ್ಮಲ್ಲಿ ಅದು ಅಷ್ಟು ಸಿಗುವುದಿಲ್ಲ.

ಎಡವುವುದು ಎರಡು ಕಡೆ. ಹಿಮೋಗ್ಲೋಬಿನ್ ಸರಿಯಿದೆ ಎಂದು ಫೆರಿಟಿನ್ ನೋಡದೆ ಬಿಡುವುದು ಒಂದು. ಕಬ್ಬಿಣದ ದಾಸ್ತಾನು ಖಾಲಿಯಾದ ಮೇಲೂ ಹಿಮೋಗ್ಲೋಬಿನ್ ಕೆಲಕಾಲ ಹಾಗೇ ನಿಂತಿರುತ್ತದೆ. ಇನ್ನೊಂದು, ಕೂದಲು ಉದುರುವುದಕ್ಕೆ ನುಂಗುವ ಬಯೋಟಿನ್ ಮಾತ್ರೆ. ಅದು ಹಲವು ಲ್ಯಾಬ್‌ಗಳ ಥೈರಾಯ್ಡ್ ಪರೀಕ್ಷೆಯ ರಾಸಾಯನಿಕ ಕ್ರಿಯೆಗೇ ಅಡ್ಡಬಂದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ, ಲ್ಯಾಬ್‌ನವರಿಗೂ ಹೇಳಿ.

ನಿಂತರೆ ತಲೆ ಹಗುರಾಗುತ್ತದೆ, ಎದೆ ಡಬಡಬ ಎನ್ನುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದಾ?

ಒಂದು ಡಿಜಿಟಲ್ ಬಿಪಿ ಮೆಷಿನ್, ಒಂದು ಗೋಡೆ, ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದರೆ ಆಗುತ್ತದೆ. ಇದಕ್ಕೆ 10 ನಿಮಿಷದ ಗೋಡೆ ಒರಗು ಪರೀಕ್ಷೆ ಎನ್ನಬಹುದು. ಮೊದಲು ತಲೆಸುತ್ತಿ ಬಿದ್ದವರು, ಹೃದಯದ ತೊಂದರೆ ಇದ್ದವರು ಆಸ್ಪತ್ರೆಯಲ್ಲೇ ಮಾಡಿಸಲಿ.

ಬೆಳಿಗ್ಗೆ, ಚಾ-ಕಾಫಿ ಮತ್ತು ತಿಂಡಿಗೆ ಮೊದಲು ಮಾಡಿ. ಮಲಗಿ 10 ನಿಮಿಷ ಸುಮ್ಮನಿರಿ. ಮಲಗಿಕೊಂಡೇ ಒಂದು ನಿಮಿಷ ಬಿಟ್ಟು ಎರಡು ಸಲ ಬಿಪಿ, ನಾಡಿ ಬರೆದುಕೊಳ್ಳಿ. ಆಮೇಲೆ ಎದ್ದು ಗೋಡೆಗೆ ಬರೀ ಭುಜದ ಹಿಂಭಾಗ ತಾಗಿಸಿ ನಿಲ್ಲಿ. ಹಿಮ್ಮಡಿ ಗೋಡೆಯಿಂದ 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರವಿರಲಿ. ಪ್ರತಿ ನಿಮಿಷಕ್ಕೊಮ್ಮೆ 10 ನಿಮಿಷ ಬಿಪಿ, ನಾಡಿ, ಪಕ್ಕದಲ್ಲಿ ಲಕ್ಷಣ ಬರೆಯುತ್ತಾ ಹೋಗಿ. ಬರೆಯುವುದು ಪಕ್ಕದವರ ಕೆಲಸ. ನಿಂತವರು ಮಾತಾಡಬಾರದು, ಕಾಲು ಬದಲಿಸಬಾರದು, ಕೈ ಮಡಚಬಾರದು. ಕಣ್ಣು ಕತ್ತಲೆ ಬಂದರೆ ಆ ನಿಮಿಷವೇ ಮಲಗಿಸಿ. ನಿಲ್ಲಿಸಿದ ಹೊತ್ತೂ ಒಂದು ಫಲಿತಾಂಶವೇ.

ನಾಡಿ ಮಲಗಿದ್ದಾಗಿನದಕ್ಕಿಂತ ನಿಮಿಷಕ್ಕೆ 30 ಅಥವಾ ಹೆಚ್ಚು ಏರಿ ನಿಂತರೆ, 12ರಿಂದ 19ರ ವಯಸ್ಸಿನವರಲ್ಲಿ 40 ಏರಿದರೆ, ಬಿಪಿ ಬೀಳದೆ ಇದ್ದರೆ ಪಾಟ್ಸ್ ಎಂಬ ಸ್ಥಿತಿಯ ಅನುಮಾನ. ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗಿನ ಬಿಪಿ ಕುಸಿತ. ಎರಡಕ್ಕೂ ಚಿಕಿತ್ಸೆ ಇದೆ, ಆದ್ದರಿಂದ ಈ ಕಾಗದ ಬೆಲೆಬಾಳುವಂಥದ್ದು.

ಕೆಡುವುದು ಹೀಗೆ: ಕಫ್ ಚಿಕ್ಕದಾದರೆ ಬಿಪಿ ಸುಳ್ಳೇ ಹೆಚ್ಚು ಬರುತ್ತದೆ. ಕೈ ಜೋತುಬಿದ್ದಿದ್ದರೂ ಹಾಗೆಯೇ, ಅಳೆಯುವಾಗ ಪಕ್ಕದವರು ಮೊಣಕೈ ಹಿಡಿದು ಎದೆಯ ಮಟ್ಟಕ್ಕೆ ಎತ್ತಲಿ. ಮೇ ತಿಂಗಳ ಸೆಕೆಯಲ್ಲಿ ಫ್ಯಾನಿಲ್ಲದೆ ಮಾಡಿದರೆ ಆರೋಗ್ಯವಂತರ ನಾಡಿಯೂ ಏರುತ್ತದೆ. ಬಿಪಿ ಅಥವಾ ನಾಡಿ ಇಳಿಸುವ ಮಾತ್ರೆ ತಿನ್ನುವವರು ಅದನ್ನು ತಾವಾಗಿ ನಿಲ್ಲಿಸಬೇಡಿ, ಹಾಳೆಯ ಮೇಲೆ ಮಾತ್ರೆಯ ಹೆಸರು ಬರೆಯಿರಿ.

ಇದು ವಂಶದಲ್ಲಿ ಬರುತ್ತದಾ?

ಒಲವು ಬರುತ್ತದೆ, ಕಾಯಿಲೆ ಹಾಗೇ ಬರುವುದಿಲ್ಲ. ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ದಾಖಲೆ ಇಟ್ಟುಕೊಂಡು 2011ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ರೋಗಿಯ ಒಡಹುಟ್ಟಿದವರು, ಹೆತ್ತವರು, ಮಕ್ಕಳಲ್ಲಿ ಅಪಾಯ ಸುಮಾರು 2.7 ಪಟ್ಟು. ಒಂದೇ ಮನೆಯ ನೀರು, ಗಾಳಿ, ಊಟದಿಂದಲೂ ಹೀಗಾಗಬಹುದಲ್ಲ ಎಂದು ಕೇಳಬಹುದು. ಬೇರೆ ಬೇರೆ ಮನೆಗಳಲ್ಲಿರುವ ದೂರದ ನೆಂಟರಲ್ಲೂ ಅಪಾಯ ಹೆಚ್ಚೇ ಇತ್ತು. ಅದಕ್ಕೇ ಜೀನ್‌ಗಳ ಮೇಲೆ ಸಂಶಯ ಬಂದದ್ದು.

ಡಿಕೋಡ್‌ಎಂಇ ಎಂಬ ಅಧ್ಯಯನ ಏನು ಕಂಡುಹಿಡಿಯಿತು?

ಎಡಿನ್‌ಬರೊ ವಿಶ್ವವಿದ್ಯಾಲಯದ ಕ್ರಿಸ್ ಪಾಂಟಿಂಗ್ ಮುಂದಾಳ್ತನದ, ರೋಗಿಗಳೇ ಪಾಲುದಾರರಾಗಿರುವ ಕೆಲಸ ಇದು. 2022ರಿಂದ ಬ್ರಿಟನ್ನಿನ ರೋಗಿಗಳಿಗೆ ಅಂಚೆಯಲ್ಲಿ ಉಗುಳು ಸಂಗ್ರಹದ ಕೊಳವೆ ಕಳುಹಿಸಿದರು. ಹಾಸಿಗೆ ಬಿಟ್ಟು ಏಳಲಾರದವರೂ ಸೇರಲು ಸಾಧ್ಯವಾದದ್ದು ಇದರಿಂದ. ಆಸ್ಪತ್ರೆಗೆ ಬರಬೇಕೆನ್ನುವ ಅಧ್ಯಯನಗಳು ತೀರಾ ಕಾಯಿಲೆಯವರನ್ನು ಹೊರಗಿಟ್ಟೇ ಲೆಕ್ಕ ಹಾಕುತ್ತಿದ್ದವು.

2025ರ ಆಗಸ್ಟ್‌ನಲ್ಲಿ ಮೊದಲ ಫಲಿತಾಂಶ ಹೊರಬಂತು. ಯೂರೋಪ್ ಮೂಲದ 15,579 ರೋಗಿಗಳ ಡಿಎನ್‌ಎಯನ್ನು 2,59,909 ಇತರರದ್ದರ ಜೊತೆ ಹೋಲಿಸಿ, ಜೀನೋಮಿನ, ಅಂದರೆ ಇಡೀ ಡಿಎನ್‌ಎಯ, ಎಂಟು ಜಾಗಗಳಲ್ಲಿ ವ್ಯತ್ಯಾಸ ಕಂಡರು. ಅಡಿಕೆ ರಾಶಿಯಲ್ಲಿ ಕೆಟ್ಟ ಅಡಿಕೆ ಹುಡುಕಿದ ಹಾಗಲ್ಲ ಇದು. ಡಿಎನ್‌ಎಯ ಲಕ್ಷಾಂತರ ಅಕ್ಷರಗಳಲ್ಲಿ ಪ್ರತಿಯೊಂದನ್ನೂ ಹಿಡಿದು, ಈ ಅಕ್ಷರ ರೋಗಿಗಳಲ್ಲಿ ಹೆಚ್ಚಾ ಎಂದು ಕೇಳುತ್ತಾರೆ. ಹತ್ತು ಲಕ್ಷ ಸಲ ನಾಣ್ಯ ಚಿಮ್ಮಿದರೆ ಆಕಸ್ಮಿಕವಾಗಿಯೇ ಸಾವಿರಾರು ವಿಚಿತ್ರಗಳು ಸಿಗುತ್ತವೆ. ಅದಕ್ಕೇ ಎರಡು ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಆಕಸ್ಮಿಕದ ಸಾಧ್ಯತೆ ಇದ್ದರೆ ಮಾತ್ರ ನಂಬುವುದು ಈ ವಿದ್ಯೆಯ ಪದ್ಧತಿ. ಆ ಜರಡಿ ದಾಟಿ ಉಳಿದದ್ದು ಎಂಟು.

ಎಂಟು ಜಾಗ ಅಂದರೆ ಎಂಟು ಜೀನಾ?

ಅಲ್ಲ. ಜಾಗ ಅಂದರೆ ಒಂದು ಓಣಿ. ಕದ್ದ ಮಾಲು ರಥಬೀದಿಯ ಯಾವುದೋ ಮನೆಯಲ್ಲಿದೆ ಎಂದು ಗೊತ್ತಾದ ಹಾಗೆ, ಯಾವ ಮನೆ ಎಂದು ಇನ್ನೂ ಬಾಗಿಲು ತಟ್ಟಬೇಕು. ಆ ಓಣಿಗಳಲ್ಲಿ ಸಂಶಯ ಬಿದ್ದಿರುವ ಕೆಲವು ಜೀನ್‌ಗಳಿವೆ. ಆರ್‌ಎಬಿಜಿಎಪಿ1ಎಲ್ ವೈರಸ್ ಮತ್ತು ಬ್ಯಾಕ್ಟೀರಿಯಾ ಜೀವಕೋಶದೊಳಗೆ ಹರಡದಂತೆ ತಡೆಯುವುದರಲ್ಲಿ ಪಾತ್ರವಿರುವಂಥದ್ದು. ಬಿಟಿಎನ್2ಎ2 ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಹದ್ದುಬಸ್ತಿನಲ್ಲಿಡುವ ಕುಟುಂಬದ್ದು. ಒಎಲ್‌ಎಫ್‌ಎಂ4 ಬ್ಯಾಕ್ಟೀರಿಯಾ ಸೋಂಕಿನ ವಿರುದ್ಧದ ಪ್ರತಿಕ್ರಿಯೆಗೆ ಸಂಬಂಧಿಸಿದ್ದು. ಇನ್ನೊಂದು, ಸಿಎ10, ನರಗಳಲ್ಲಿ ಕೆಲಸ ಮಾಡುವಂಥದ್ದು, ದೀರ್ಘಕಾಲದ ನೋವಿನ ಅಧ್ಯಯನಗಳಲ್ಲೂ ಅದೇ ಓಣಿ ಕಂಡಿದೆ. ಅಂದರೆ ಸುಳಿವು ಎರಡು ದಿಕ್ಕಿಗಿದೆ: ಸೋಂಕಿಗೆ ದೇಹ ಪ್ರತಿಕ್ರಿಯಿಸುವ ರೀತಿ ಮತ್ತು ನರವ್ಯವಸ್ಥೆ.

ಪಾಲ್ಗೊಂಡವರಲ್ಲಿ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಹೆಂಗಸರು. ಆದರೂ ಈ ಎಂಟು ಜಾಗಗಳು ಗಂಡು-ಹೆಣ್ಣಿನ ಅಂತರವನ್ನು ವಿವರಿಸಲಿಲ್ಲ. ಬೇರೆಡೆ ಮೊದಲೇ ಇದ್ದ ದತ್ತಾಂಶದಲ್ಲಿ ಇದೇ ಎಂಟು ಮತ್ತೆ ಕಾಣಲೂ ಇಲ್ಲ. ಅಲ್ಲಿ ರೋಗಿ ಯಾರು ಎಂದು ತೀರ್ಮಾನಿಸಿದ ರೀತಿ ಸಡಿಲ, ಶ್ರಮದ ನಂತರದ ಕುಸಿತವನ್ನು ಕೇಳಿರಲಿಲ್ಲ ಎಂಬ ಸಮಜಾಯಿಷಿ ಒಪ್ಪುವಂಥದ್ದೇ. ಆದರೂ ಇನ್ನೊಂದು ತಂಡ, ಇನ್ನೊಂದು ದೇಶ ಅದನ್ನೇ ಕಾಣುವವರೆಗೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಡಿಎನ್‌ಎ ಟೆಸ್ಟ್ ಮಾಡಿಸಲಾ?

ಬೇಡ. ಒಂದೊಂದು ಬದಲಾವಣೆಯೂ ಅಪಾಯವನ್ನು ಕೂದಲೆಳೆಯಷ್ಟು ಏರಿಸುತ್ತದೆ, ಅದೇ ಬದಲಾವಣೆ ಇರುವ ಹೆಚ್ಚಿನವರು ಆರಾಮಾಗಿದ್ದಾರೆ. ಎಂಟಿಎಚ್‌ಎಫ್‌ಆರ್ ಎಂಬ ಜೀನಿನ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಮಾರುವ 'ಎಂಟಿಎಚ್‌ಎಫ್‌ಆರ್ ರಿಪೋರ್ಟ್' ನೋಡಿ ವಿಟಮಿನ್ ಕಟ್ಟು ತರಿಸಿಕೊಳ್ಳುವುದಕ್ಕೂ ಈ ಸಂಶೋಧನೆಗೂ ಸಂಬಂಧವಿಲ್ಲ.

ಯೂರೋಪಿನವರ ಫಲಿತಾಂಶ ಕರಾವಳಿಯವರಿಗೆ ಹೊಂದುತ್ತದಾ?

ಜೀವಶಾಸ್ತ್ರ ಬಹುಪಾಲು ಒಂದೇ ಇರಬೇಕು, ಗುರುತುಕಲ್ಲುಗಳು ಬೇರೆ ಇರಬಹುದು. ಸಿಕ್ಕಿದ ಡಿಎನ್‌ಎ ಅಕ್ಷರ ಸಾಮಾನ್ಯವಾಗಿ ಅಪರಾಧಿಯಲ್ಲ, ಅಪರಾಧಿಯ ನೆರೆಯವ. ಆ ನೆರೆಹೊರೆಯ ಜೋಡಣೆ ಜನಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ನಮ್ಮಲ್ಲಿ ತಲೆಮಾರುಗಳಿಂದ ಒಳಗೊಳಗೇ ಸಂಬಂಧ ಬೆಳೆಸಿದ ಸಮುದಾಯಗಳು ಹತ್ತಾರು ಇರುವುದರಿಂದ ಮಂಗಳೂರಿನ ಒಂದೇ ಬೀದಿಯ ನಾಲ್ಕು ಮನೆಗಳಲ್ಲೂ ಜೋಡಣೆ ಒಂದೇ ಆಗಿರಲಾರದು.

ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 83 ಜನಸಮುದಾಯಗಳ 9,772 ಜನರ ಜೀನೋಮ್ ಓದಿದ್ದನ್ನು 2025ರಲ್ಲಿ ಪ್ರಕಟಿಸಿತು. ಅದು ಈ ಕಾಯಿಲೆಯ ಅಧ್ಯಯನವಲ್ಲ. ಆದರೆ ಮುಂದೆ ಭಾರತದಲ್ಲಿ ಯಾರಾದರೂ ರೋಗಿಗಳನ್ನು ಹೋಲಿಸಹೊರಟರೆ ಹೋಲಿಕೆಗೆ ಬೇಕಾದ ತಳಹದಿ ಅದು.

ರೋಗನಿರೋಧಕ ವ್ಯವಸ್ಥೆಯಲ್ಲಿ ಏನು ಕೆಟ್ಟಿದೆ?

ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ. ಅತಿ ಹೆಚ್ಚು ಸಲ ವರದಿಯಾದದ್ದು ಎನ್‌ಕೆ ಕೋಶಗಳ ಕೊಲ್ಲುವ ಶಕ್ತಿ ಕುಂದಿರುವುದು. ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳಿವು. ಆದರೆ ಎಲ್ಲ ಲ್ಯಾಬ್‌ಗಳೂ ಅದನ್ನೇ ಕಂಡಿಲ್ಲ. 2024ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 17 ರೋಗಿಗಳನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ ಬೆನ್ನುಹುರಿ ದ್ರವದ ಟಿ ಕೋಶಗಳ ಮೇಲೆ ಪಿಡಿ-1 ಎಂಬ ಗುರುತು ಹೆಚ್ಚಿತ್ತು. ಕಾದಾಡಿ ಸೋತು ಕೂತ ಕೋಶದ ಮೇಲೆ ಕಾಣುವ ಗುರುತದು. 17 ಸಣ್ಣ ಸಂಖ್ಯೆ, ಅದನ್ನು ಮರೆಯಬಾರದು. ಮೂರನೆಯ ಎಳೆ, ದೇಹದ ಸ್ವಂತ ಗ್ರಾಹಕಗಳ (ಕೋಶದ ಮೇಲೆ ಸಂಕೇತ ಹಿಡಿಯುವ ರಿಸೆಪ್ಟರ್‌ಗಳು) ಮೇಲೇ ಬೀಳುವ ಪ್ರತಿಕಾಯಗಳು (ಆ್ಯಂಟಿಬಾಡಿ). ರಕ್ತನಾಳ, ನಾಡಿ ನಿಯಂತ್ರಿಸುವ ಗ್ರಾಹಕಗಳ ವಿರುದ್ಧ ಅವು ಕೆಲವು ರೋಗಿಗಳಲ್ಲಿ ಹೆಚ್ಚಿವೆ ಎಂದು ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ತಂಡ ವಾದಿಸುತ್ತಾ ಬಂದಿದೆ.

ಎನ್‌ಕೆ ಕೋಶದ ಟೆಸ್ಟನ್ನು ಇಲ್ಲಿನ ಲ್ಯಾಬ್‌ನಲ್ಲಿ ಕೊಡಬಹುದಾ?

ಎನ್‌ಕೆ ಕೋಶಗಳ ಸಂಖ್ಯೆ ಎಣಿಸುವುದು ಬೇರೆ, ಕೊಲ್ಲುವ ಶಕ್ತಿ ಅಳೆಯುವುದು ಬೇರೆ. ಮೊದಲನೆಯದನ್ನು ಫ್ಲೋ ಸೈಟೋಮೀಟರ್ ಎಂಬ ಕೋಶ ಎಣಿಸುವ ಯಂತ್ರ ಇರುವ ದೊಡ್ಡ ಲ್ಯಾಬ್ ಮಾಡೀತು, ಅದರಿಂದ ರೋಗನಿರ್ಣಯಕ್ಕೆ ಉಪಯೋಗವಿಲ್ಲ.

ಎರಡನೆಯದಕ್ಕೆ ಹೆಪರಿನ್ ಇರುವ ಹಸಿರು ಮುಚ್ಚಳದ ಕೊಳವೆಯಲ್ಲಿ ತೆಗೆದ ತಾಜಾ ರಕ್ತ ಬೇಕು. ಅದನ್ನು ಫೈಕಾಲ್ ಎಂಬ ದ್ರವದ ಮೇಲೆ ಕದಡದಂತೆ ಮೆಲ್ಲಗೆ ಸುರಿದು ತಿರುಗಿಸಿದಾಗ ಕೆಂಪು ಕಣ ತಳಕ್ಕಿಳಿದು, ನಡುವೆ ಮಜ್ಜಿಗೆಯ ಕೆನೆಯಂಥ ಒಂದು ತೆಳು ಬಿಳಿ ಪದರ ನಿಲ್ಲುತ್ತದೆ. ಬೇಕಾದ ಕೋಶಗಳಿರುವುದು ಆ ಪದರದಲ್ಲಿ. ಅವನ್ನು ಎತ್ತಿ, ಕೆ562 ಎಂಬ ರಕ್ತ ಕ್ಯಾನ್ಸರಿನ ಕೋಶಗಳ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಕೆಲವು ಗಂಟೆ ಬಿಟ್ಟು, ಎಷ್ಟು ಸತ್ತವು ಎಂದು ಎಣಿಸುತ್ತಾರೆ. ಜೀವಂತ ಕೋಶದ ಕೆಲಸವನ್ನು ಅಳೆಯುವುದರಿಂದ ತಡವಾದಷ್ಟೂ ಕೋಶ ಸೊರಗುತ್ತದೆ. ಫ್ರಿಜ್‌ನಲ್ಲಿಟ್ಟರೂ ಕೆಡುತ್ತದೆ, ಎಪ್ರಿಲ್ ಮಧ್ಯಾಹ್ನ ಕೊರಿಯರ್ ಬೈಕಿನ ಡಬ್ಬಿಯಲ್ಲಿ ಬೆಂದರೂ ಕೆಡುತ್ತದೆ. ಮಂಗಳೂರಿನಲ್ಲಿ ಬೆಳಿಗ್ಗೆ ತೆಗೆದ ರಕ್ತ ಮರುದಿನ ಇನ್ನೊಂದು ಊರಿನ ಲ್ಯಾಬ್ ಸೇರಿದರೆ, 'ಕೊಲ್ಲುವ ಶಕ್ತಿ ಕಡಿಮೆ' ಎಂಬ ರಿಪೋರ್ಟ್ ರೋಗಿಯದ್ದೋ ಪ್ರಯಾಣದ್ದೋ ಹೇಳಲಾಗುವುದಿಲ್ಲ. ಅಧ್ಯಯನಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೂ ಇದು ಒಂದು ಕಾರಣ. ಡಿಎನ್‌ಎ ಅಧ್ಯಯನಕ್ಕೆ ಈ ಗೋಳಿಲ್ಲ, ಸಂರಕ್ಷಕ ದ್ರವದಲ್ಲಿರುವ ಉಗುಳು ಮನೆಯ ಉಷ್ಣತೆಯಲ್ಲೇ ಬಹಳ ದಿನ ಬಾಳುತ್ತದೆ.

ರಿಟುಕ್ಸಿಮಾಬ್ ಕೊಟ್ಟರೆ ಗುಣವಾಗುತ್ತದಂತೆ?

ಆ ಕತೆ ಮುಗಿದಿದೆ. ನಾರ್ವೆಯ ಬರ್ಗೆನ್ ನಗರದ ಕ್ಯಾನ್ಸರ್ ವೈದ್ಯರಾದ ಫ್ಲೂಗೆ ಮತ್ತು ಮೆಲ್ಲಾ 2011ರಲ್ಲಿ 30 ರೋಗಿಗಳ ಪ್ರಯೋಗ ಪ್ರಕಟಿಸಿದರು. ಬಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಅಳಿಸುವ ಈ ಔಷಧ ಪಡೆದ 15ರಲ್ಲಿ 10 ಜನ ಸುಧಾರಿಸಿದರು, ಪ್ಲಸೀಬೊ (ಔಷಧವಿಲ್ಲದ ತೋರಿಕೆಯ ಮದ್ದು) ಪಡೆದ 15ರಲ್ಲಿ ಇಬ್ಬರು. ಜಗತ್ತೇ ಕುಣಿಯಿತು. 151 ಜನರ ದೊಡ್ಡ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾದಾಗ ಔಷಧದವರಲ್ಲಿ ಶೇ. 26, ಪ್ಲಸೀಬೊದವರಲ್ಲಿ ಶೇ. 35 ಸುಧಾರಣೆ. ತಮ್ಮದೇ ಆಶಯಕ್ಕೆ ವಿರುದ್ಧವಾದ ಫಲಿತಾಂಶವನ್ನು ಅದೇ ವೈದ್ಯರು ಮುಚ್ಚಿಡದೆ ಪ್ರಕಟಿಸಿದ್ದು ಗೌರವದ ಮಾತು.

ಅದೇ ತಂಡ ಡಾರಾಟುಮುಮಾಬ್ ಎಂಬ ಇನ್ನೊಂದು ಔಷಧ ಕೊಟ್ಟು ನೋಡಿದ್ದನ್ನು 2025ರಲ್ಲಿ ಪ್ರಕಟಿಸಿತು. ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳೇ ಇದರ ಗುರಿ. 10 ಹೆಂಗಸರಲ್ಲಿ 6 ಮಂದಿ ಚೆನ್ನಾಗಿ ಸುಧಾರಿಸಿದರು, ಎನ್‌ಕೆ ಕೋಶ ಮೊದಲೇ ಕಡಿಮೆ ಇದ್ದವರಿಗೆ ಪ್ರಯೋಜನ ಕಾಣಲಿಲ್ಲ. ಪ್ಲಸೀಬೊ ಗುಂಪು ಇರಲಿಲ್ಲ. 2011ರ ಹತ್ತು ಜನರನ್ನು ನೆನಪಿಟ್ಟುಕೊಂಡೇ ಈ ಆರು ಜನರ ಸುದ್ದಿ ಓದಬೇಕು. ರಕ್ತ ಕ್ಯಾನ್ಸರಿನ ಔಷಧವಿದು, ಯಾರಾದರೂ ಖಾಸಗಿಯಾಗಿ ಕೊಡುತ್ತೇವೆಂದರೆ ಒಪ್ಪಬೇಡಿ.

ಇಲಿಯ ವೈರಸ್ಸಿನಿಂದ ಬರುತ್ತದೆ ಎಂದು ಓದಿದ್ದೆ.

2009ರ ಎಕ್ಸ್‌ಎಂಆರ್‌ವಿ ವರದಿ ಅದು. ಲ್ಯಾಬ್‌ನ ಮಾದರಿಗಳಿಗೆ ಕಲಬೆರಕೆಯಾಗಿದ್ದ ವೈರಸ್ ಎಂದು ತಿಳಿದು 2011ರ ಡಿಸೆಂಬರ್‌ನಲ್ಲಿ ಸೈನ್ಸ್ ಪತ್ರಿಕೆ ಹಿಂತೆಗೆದುಕೊಂಡಿತು. ನಂತರ 147 ರೋಗಿಗಳಲ್ಲಿ ಹುಡುಕಿದಾಗ ಒಬ್ಬರಲ್ಲೂ ಸಿಗಲಿಲ್ಲ. ಇಲಿಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯ?

ಮೇಲಿನದನ್ನು ಓದಿದರೆ, ಯಾವುದನ್ನು ಹೆಚ್ಚಿಸುವುದು, ಯಾವುದನ್ನು ಇಳಿಸುವುದು ಎಂದು ತಜ್ಞರಿಗೇ ತೀರ್ಮಾನವಾಗಿಲ್ಲ. ಜೀರಿಗೆ ಕಷಾಯ ರುಚಿಗೆ ಕುಡಿಯಿರಿ.

ದಿನಾ ಸ್ವಲ್ಪ ಸ್ವಲ್ಪ ವಾಕಿಂಗ್ ಹೆಚ್ಚಿಸಿ ಎನ್ನುತ್ತಾರೆ. ಮಾಡಲಾ?

ನಿಗದಿಯಾಗಿ ಏರಿಸುತ್ತಾ ಹೋಗುವ ವ್ಯಾಯಾಮವನ್ನು ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆಯೇ 2021ರ ಅಕ್ಟೋಬರ್‌ನಲ್ಲಿ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು. ಬದಲಿಗೆ ಇರುವುದು ಮಿತಿಯೊಳಗೆ ಬದುಕುವ ಪೇಸಿಂಗ್. ಏಳು ದಿನ ಬೆಳಿಗ್ಗೆ ಏಳುವ ಮೊದಲು ನಾಡಿ ಎಣಿಸಿ ಸರಾಸರಿ ತೆಗೆಯಿರಿ. ಅದಕ್ಕೆ 15 ಸೇರಿಸಿದರೆ ಕೆಲಸದ ನಡುವೆ ನಾಡಿ ದಾಟಬಾರದ ಶುರುವಿನ ಮಿತಿ ಸಿಗುತ್ತದೆ. ಸರಾಸರಿ 72 ಇದ್ದರೆ 87. ಪಾಟ್ಸ್ ಇರುವವರಿಗೆ ನಿಂತ ಕೂಡಲೇ ಈ ಗೆರೆ ದಾಟುತ್ತದೆ, ಅವರು ಸಂಖ್ಯೆಗಿಂತ ನೋಟ್‌ಬುಕ್ಕನ್ನೇ ನಂಬಲಿ.

ಮನೆಗೆಲಸದಲ್ಲಿ ಇದರ ಅರ್ಥ: ತರಕಾರಿ ಹೆಚ್ಚುವುದು ಕೂತು. ಮೀನು ಶುಚಿ ಮಾಡುವುದು ಕುಕ್ಕರಗಾಲಿನಲ್ಲಲ್ಲ, ಮೇಜಿನ ಮೇಲೆ. ಸ್ನಾನ ಮಣೆಯ ಮೇಲೆ ಕೂತು, ಬಿಸಿನೀರು ಉಗುರುಬೆಚ್ಚಗೆ, ಏಕೆಂದರೆ ಬಿಸಿ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತದೆ. ಒಗೆಯುವ ಕಲ್ಲಿಗೆ ರಜೆ. ಬೀಡಿ ಕಟ್ಟುವವರು ಸೂಪು ಮಡಿಲಲ್ಲಿಟ್ಟು ಒಂದೇ ಕೂಡುವಿಕೆಯಲ್ಲಿ ಮುಗಿಸದೆ, 20 ನಿಮಿಷಕ್ಕೆ ಅಲಾರಂ ಇಟ್ಟು ಹತ್ತು ನಿಮಿಷ ಮಲಗಬೇಕು. ಸುಸ್ತಾದ ಮೇಲೆ ಅಲ್ಲ, ಆಗುವ ಮೊದಲು. ತೀರಾ ಕಷ್ಟದ ಭಾಗ ಆರಾಮ ಅನಿಸಿದ ದಿನದ್ದು, ಬಾಕಿ ಕೆಲಸವೆಲ್ಲ ಅಂದೇ ಎಳೆದುಹಾಕಿಕೊಂಡು ಮೂರನೇ ದಿನ ಬೀಳುತ್ತಾರೆ. ಬಿಪಿ ಮತ್ತು ಕಿಡ್ನಿ ಸರಿ ಇದ್ದು ವೈದ್ಯರು ಒಪ್ಪಿದರೆ ಉಪ್ಪು, ನೀರು ಹೆಚ್ಚಿಸುವುದು ನಿಂತಾಗಿನ ತೊಂದರೆಗೆ ಸಹಾಯ. ಉಪ್ಪು ಹಾಕಿದ ಗಂಜಿತಿಳಿ ಇದಕ್ಕೆ ಒಗ್ಗುತ್ತದೆ. ಸೀಯಾಳದಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ, ಅದು ಉಪ್ಪಿಗೆ ಬದಲಿಯಲ್ಲ.

ಲಾಂಗ್ ಕೋವಿಡ್ ಮತ್ತು ಇದು ಒಂದೇನಾ?

ಲಾಂಗ್ ಕೋವಿಡ್ ದೊಡ್ಡ ಚೀಲ. ಅದರೊಳಗೆ ಶ್ವಾಸಕೋಶದ ಹಾನಿಯವರೂ ಇದ್ದಾರೆ, ಎಂಇ/ಸಿಎಫ್‌ಎಸ್ ಮಾನದಂಡಕ್ಕೆ ಪೂರ್ತಿ ಹೊಂದುವವರೂ ಇದ್ದಾರೆ. ಲಾಂಗ್ ಕೋವಿಡ್‌ನ ಜೀನ್ ಅಧ್ಯಯನದಲ್ಲಿ ಎದ್ದು ಕಂಡದ್ದು ಎಫ್‌ಒಎಕ್ಸ್‌ಪಿ4 ಎಂಬ ಜೀನಿನ ಹತ್ತಿರದ ಜಾಗ, ಮೇಲೆ ಹೆಸರಿಸಿದ ಜೀನ್‌ಗಳಲ್ಲಿ ಅದಿಲ್ಲ.

ನಮ್ಮ ಕಡೆ ಯಾರಾದರೂ ಅಧ್ಯಯನಕ್ಕೆ ಕರೆದರೆ ಸೇರಬಹುದಾ? ಏನು ನೋಡಬೇಕು?

ಸೇರಬಹುದು. ಮೊದಲು ಕೇಳಬೇಕಾದದ್ದು ಎಥಿಕ್ಸ್ ಸಮಿತಿಯ ಅನುಮತಿ ಪತ್ರ. ಔಷಧ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆ, ಅದನ್ನು ನೀವೇ ಹುಡುಕಿ ನೋಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಎನ್ನಿ, ಮನೆಗೆ ಒಯ್ದು ಓದಿ. ಡಿಎನ್‌ಎ ಎಲ್ಲಿ, ಎಷ್ಟು ವರ್ಷ ಇಡುತ್ತಾರೆ, ವಿದೇಶಕ್ಕೆ ಹೋಗುತ್ತದಾ, ಮುಂದೆ ಬೇರೆ ಅಧ್ಯಯನಕ್ಕೆ ಬಳಸುತ್ತಾರಾ, ನಡುವೆ ಬಿಟ್ಟರೆ ಮಾದರಿ ನಾಶಮಾಡುತ್ತಾರಾ ಎಂಬ ಸಾಲುಗಳು ಅದರಲ್ಲಿರಬೇಕು. ಸಂಶೋಧನೆಗಾಗಿ ಮಾಡುವ ಪರೀಕ್ಷೆಗೆ ನಿಮ್ಮಿಂದ ದುಡ್ಡು ಕೇಳಿದರೆ ಅದು ಸಂಶೋಧನೆಯಲ್ಲ, ವ್ಯಾಪಾರ.

ಎರಡು ದಿನ ಸತತ ಸೈಕಲ್ ತುಳಿಸುವ ಪರೀಕ್ಷೆ ಇದೆಯಾ ಎಂದು ಮುಂಚೆಯೇ ಕೇಳಿ. ಎರಡನೆಯ ದಿನದ ಇಳಿತವನ್ನು ಅಳೆಯುವ ಒಳ್ಳೆಯ ವಿಧಾನ ಅದು, ಆದರೆ ಕುಸಿತವನ್ನು ಬೇಕೆಂದೇ ತರಿಸುತ್ತದೆ. ತೀವ್ರ ಕಾಯಿಲೆಯವರು ಒಪ್ಪಬಾರದು.

ಉಗುಳು ಕೊಡುವುದಾದರೆ 30 ನಿಮಿಷ ಮುಂಚಿನಿಂದ ಏನೂ ತಿನ್ನಬೇಡಿ, ಕುಡಿಯಬೇಡಿ. ಎಲೆಅಡಿಕೆ ಹಾಕುವವರು ಅದಕ್ಕೂ ಮೊದಲೇ ಬಾಯಿ ತೊಳೆದುಕೊಂಡಿರಿ. ಕೊಳವೆಯಲ್ಲಿ ಗೆರೆಯವರೆಗೆ ತುಂಬಬೇಕಾದದ್ದು ಸುಮಾರು 2 ಮಿಲಿಲೀಟರ್ ದ್ರವ, ನೊರೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಬಾಯಿ ಒಣಗುವ ಮಾತ್ರೆ ತಿನ್ನುವವರಿಗೆ ಇದಕ್ಕೆ ಅರ್ಧ ಗಂಟೆ ಹಿಡಿದರೂ ಹಿಡಿದೀತು, ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ತಿಕ್ಕಿದರೆ ಬೇಗ ಬರುತ್ತದೆ. ಮುಚ್ಚಳ ಒತ್ತಿ ಅದರೊಳಗಿನ ಸಂರಕ್ಷಕ ದ್ರವ ಇಳಿದದ್ದನ್ನು ನೋಡಿ, ಆಮೇಲೆ ಅಲುಗಿಸಿ. ದ್ರವ ಇಳಿಯದ ಕೊಳವೆಯಲ್ಲಿ ನಮ್ಮ ಮಳೆಗಾಲದ ಹವೆಗೆ ಬೂಸಲು ಬಂದು ಮಾದರಿ ಹಾಳಾಗುತ್ತದೆ, ಇನ್ನೊಂದು ಕೊಳವೆ ತರಿಸಿಕೊಳ್ಳಬೇಕಾಗುತ್ತದೆ.